ನೀರಿಗಿಳಿದ ಮೇಲಿನ ನಾಲ್ಕು ವರ್ಷ

ಸೋಮಶೇಖರ ಇದುವರೆಗೆ ಒಂದೇ ಒಂದು ಯುದ್ಧನೌಕೆಯನ್ನೂ ಹತ್ತಿರದಿಂದ ನೋಡಿಲ್ಲ. ತಿಪಟೂರಿನವನು. ಸಮುದ್ರ ಕಂಡದ್ದು ಎರಡೇ ಸಲ, ಎರಡು ಸಲವೂ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ವಾಪಸು ಬಂದಿದ್ದಾನೆ. ವಿಮಾನ ಹತ್ತಿದ್ದು ಮೂರು ಸಲ, ಅದೂ ಬೇರೆಯವರು ಟಿಕೆಟ್ಟು ತೆಗೆದುಕೊಟ್ಟಾಗ. ಆದರೆ ದೆಹಲಿಯ ಓಲ್ಡ್ ರಾಜಿಂದರ್ ನಗರಕ್ಕೆ ಹೋಗಿ, ಯುದ್ಧನೌಕೆಗೆ ಎಷ್ಟು ಖರ್ಚು, ಯುದ್ಧವಿಮಾನಕ್ಕೆ ಎಷ್ಟು, ಯಾವುದನ್ನು ಕಟ್ಟಲು ಎಷ್ಟು ವರ್ಷ ಬೇಕು ಎಂದು ಯಾರನ್ನೇ ಕೇಳಿ, ಸುತ್ತಿ ಬಳಸಿ ಅವನ ಹೆಸರನ್ನೇ ಹೇಳುತ್ತಾರೆ. ಹುಡುಗರು ಅವನನ್ನು ‘ಶಿಪ್ ಸರ್’ ಅನ್ನುತ್ತಾರೆ. ಎದುರಿಗೇ ಅಂದರೂ ಅವನಿಗೆ ಬೇಸರವಿಲ್ಲ.

ಆ ಬಡಾವಣೆಯನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಐಎಎಸ್ ಪರೀಕ್ಷೆಗೆ ಓದುವ ಮಕ್ಕಳು ದೇಶದ ಮೂಲೆಮೂಲೆಯಿಂದ ಬಂದು ಅಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಕೋಣೆಯಲ್ಲಿ ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ, ಮೇಜು ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅಂಥ ಒಂದು ಕೋಣೆಯಲ್ಲಿ ನಾನೂ ಸೋಮಶೇಖರನೂ ಐದು ವರ್ಷ ಜೊತೆಗಿದ್ದೆವು. ನಾನು ಎರಡನೇ ಸಲಕ್ಕೇ ಕೈಮುಗಿದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅನುವಾದಕನಾಗಿ ಸೇರಿಕೊಂಡೆ, ಆಮೇಲೆ ದೆಹಲಿಯದೇ ಇನ್ನೊಂದು ಬಡಾವಣೆ ರೋಹಿಣಿಯಲ್ಲಿ ಮನೆ ಮಾಡಿದೆ. ಅವನು ವಯಸ್ಸು ಮೀರುವ ತನಕ ಬರೆದ. ಮೂರು ಸಲ ಇಂಟರ್‌ವ್ಯೂ ತನಕ ಹೋದ. ಮೂರು ಸಲವೂ ಕೊನೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನಾಲ್ಕನೆಯ ದಾರಿಯಾಗಿ ಅದೇ ಬೀದಿಯ ಒಂದು ಸಣ್ಣ ಕೋಚಿಂಗ್ ಸಂಸ್ಥೆಯಲ್ಲಿ ರಕ್ಷಣಾ ವಿಷಯಗಳ ಪಾಠ ಹಿಡಿದ. ಈಗ ನಲವತ್ತನಾಲ್ಕು ವರ್ಷ. ಮದುವೆಯಾಗಿಲ್ಲ. ಆ ಮಾತು ತೆಗೆದರೆ, ‘ಮೊದಲು ಈ ಮುದ್ರಣ ಹೊರಬರಲಿ’ ಎನ್ನುತ್ತಾನೆ.

ಮುದ್ರಣವೆಂದರೆ ಅವನ ನೋಟ್ಸು. ನೀಲಿ ರಟ್ಟು, ನೂರ ಹನ್ನೆರಡು ಪುಟ, ಪ್ರತಿ ವರ್ಷ ಹೊಸದು. ಅದರಲ್ಲಿ ಹೆಸರು ಮಾಡಿದ್ದು ಏಳನೇ ಕೋಷ್ಟಕ. ಎಡಗಡೆ ಯುದ್ಧನೌಕೆ, ಬಲಗಡೆ ಯುದ್ಧವಿಮಾನ. ವೆಚ್ಚದ ಸಾಲಿನಲ್ಲಿ ಹಡಗಿಗೆ ಕೆಲವು ಸಾವಿರ ಕೋಟಿ, ವಿಮಾನಕ್ಕೆ ಕೆಲವು ನೂರು ಕೋಟಿ. ಅವಧಿಯ ಸಾಲಿನಲ್ಲಿ ಹಡಗಿಗೆ ಎರಡೂವರೆ ವರ್ಷ, ವಿಮಾನಕ್ಕೆ ಮೂರು ವರ್ಷ. ಕೆಳಗೆ ದಪ್ಪಕ್ಷರದಲ್ಲಿ ಒಂದು ಷರಾ: ನಮ್ಮ ದೇಶದಲ್ಲಿ ವಿಮಾನಕ್ಕಿಂತ ಹಡಗೇ ಬೇಗ ಕಟ್ಟಿ ಮುಗಿಯುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿ ಅವನು ಒಂದು ಕ್ಷಣ ಸುಮ್ಮನಾಗುತ್ತಿದ್ದ. ಹುಡುಗರು ಆ ಹೊತ್ತಿಗೆ ಅಡಿಗೆರೆ ಎಳೆಯುತ್ತಿದ್ದರು.

ಕೋಷ್ಟಕ ತಯಾರಾದ ದಿನ ನನಗೆ ಚೆನ್ನಾಗಿ ನೆನಪಿದೆ. ಹನ್ನೊಂದು ವರ್ಷದ ಹಿಂದಿನ ಮಾತು. ಅವನು ಪತ್ರಿಕೆಗಳಲ್ಲಿ ಬಂದ ಸರ್ಕಾರಿ ಪ್ರಕಟಣೆಗಳನ್ನು ಸ್ಕೇಲು ಇಟ್ಟು ಕತ್ತರಿಸಿ ಒಂದು ಲೆಡ್ಜರಿಗೆ ಅಂಟಿಸುತ್ತಿದ್ದ. ಇಂಥ ತಾರೀಕು ಹಡಗಿನ ಕೆಲಸ ಆರಂಭ ಎಂಬ ಪ್ರಕಟಣೆ ಒಂದು ಕಡೆ. ಇನ್ನೊಂದು ಕಡೆ ಬಣ್ಣದ ಫೋಟೋ: ಹಡಗಿಗೆ ಹೂವಿನ ಹಾರ, ವೇದಿಕೆಯ ಮೇಲೆ ಗಣ್ಯರು, ಬ್ಯಾಂಡು. ಎರಡು ತಾರೀಕುಗಳ ನಡುವೆ ಎರಡೂವರೆ ವರ್ಷ. ‘ಮುಗೀತು ನೋಡು,’ ಅಂದ. ಗೋಂದಿನ ಡಬ್ಬಿ ಹಿಡಿದುಕೊಂಡಿದ್ದವನು ನಾನೇ. ಹಾಗಾಗಿ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ತಪ್ಪಿಸಿಕೊಳ್ಳುವುದಿಲ್ಲ.

ಮರುವರ್ಷ ಎದುರುಗಡೆಯ ಕೋಚಿಂಗ್‌ನವರು ಏಳನೇ ಕೋಷ್ಟಕವನ್ನು ಇದ್ದ ಹಾಗೇ ಎತ್ತಿ ತಮ್ಮ ನೋಟ್ಸಿನಲ್ಲಿ ಹಾಕಿಕೊಂಡರು. ಸೋಮಶೇಖರ ಎರಡು ದಿನ ಊಟ ಬಿಟ್ಟ. ಅದರ ಮರುವರ್ಷ ಇನ್ನಿಬ್ಬರು ಕದ್ದರು. ಆಗ ಒಂದು ಹೊತ್ತು ಬಿಟ್ಟ. ಆರನೇ ವರ್ಷದ ಹೊತ್ತಿಗೆ ಕದಿಯದವರು ಯಾರೂ ಉಳಿದಿರಲಿಲ್ಲ, ಇವನಿಗೆ ಒಳಗೊಳಗೇ ಖುಷಿಯಾಗತೊಡಗಿತ್ತು. ಎಲ್ಲರ ನೋಟ್ಸಿನಲ್ಲೂ ಅದೇ ಎರಡೂವರೆ, ಅದೇ ಮೂರು. ಆ ಬೀದಿಯಲ್ಲಿ ಒಂದು ಸಂಖ್ಯೆ ನಿಜವಾಗಲು ಅಷ್ಟು ಸಾಕು.

ಈಗ ಜೀವಿತಾ ವಿಷಯಕ್ಕೆ ಬರುತ್ತೇನೆ. ನಮ್ಮ ರೋಹಿಣಿಯ ಸೆಕ್ಟರಿನಲ್ಲೇ, ನನ್ನ ಮನೆಯಿಂದ ಮೂರು ಕಟ್ಟಡ ಆಚೆ ಇರುವ ಹುಡುಗಿ. ತಂದೆ ಪೊನ್ನಣ್ಣ ಕೊಡಗಿನವರು, ನೌಕಾಪಡೆಯಲ್ಲಿ ಇಂಜಿನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಕೊನೆಯ ಪೋಸ್ಟಿಂಗ್ ದೆಹಲಿಗಾಯಿತು, ಇಲ್ಲೇ ಉಳಿದುಬಿಟ್ಟರು. ತಾಯಿ ಪೂವಮ್ಮ. ಎಂಟನೇ ವಯಸ್ಸಿನಿಂದ ದೆಹಲಿಯಲ್ಲೇ ಬೆಳೆದ ಜೀವಿತಾಳ ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕಾರಿನ ಬ್ರೇಕಿನ ಭಾಗ ಮಾಡಿಸಿದಳು, ಆಮೇಲೆ ಕೆಲಸ ಬಿಟ್ಟು ಪರೀಕ್ಷೆಗೆ ಕೂತಳು. ಎರಡು ಸಲ ಇಂಟರ್‌ವ್ಯೂ ತನಕ ಹೋಗಿ ಬಂದಿದ್ದಳು. ಇದು ಮೂರನೆಯದು, ಕೊನೆಯ ಅವಕಾಶ. ಇದಾದ ಮೇಲೆ ನಿಯಮದ ಪ್ರಕಾರ ಅವಳಿಗೆ ಬಾಗಿಲು ಮುಚ್ಚುತ್ತದೆ. ಸೋಮಶೇಖರ ಅವಳನ್ನು ತಯಾರು ಮಾಡುತ್ತಿದ್ದ, ಅವಳಿಗಿಂತ ಹೆಚ್ಚು ಹೆದರಿಕೊಂಡು.

ಇಂಟರ್‌ವ್ಯೂನಲ್ಲಿ ಅರ್ಜಿಯನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ. ಇವಳ ಅರ್ಜಿಯಲ್ಲಿ ತಂದೆಯ ನೌಕಾಪಡೆ ಇದೆ, ಅವಳ ಕಾರ್ಖಾನೆ ಇದೆ. ‘ಹಡಗು ಕಟ್ಟೋ ಪ್ರಶ್ನೆ ಬಂದೇ ಬರುತ್ತೆ, ಬರೆದಿಟ್ಕೋ,’ ಎಂದು ಸೋಮಶೇಖರ ಡಿಸೆಂಬರಿನಿಂದ ಹೇಳುತ್ತಿದ್ದ. ಪ್ರತಿ ಭಾನುವಾರ ಪೊನ್ನಣ್ಣನವರ ಮನೆಯಲ್ಲಿ ಸುಳ್ಳು ಇಂಟರ್‌ವ್ಯೂ ನಡೆಯುತ್ತಿತ್ತು. ಸೋಮಶೇಖರ ಅಧ್ಯಕ್ಷ. ನಾನು ಸದಸ್ಯ. ನನ್ನನ್ನು ಸೇರಿಸಿಕೊಂಡದ್ದು ವಿದ್ಯೆಗಾಗಿಯಲ್ಲ, ಏನೂ ಮಾಡದೆ ಕೂತರೂ ನನ್ನ ಮುಖ ಸಿಟ್ಟಾಗಿದ್ದಂತೆ ಕಾಣುತ್ತದೆಂದು. ಪೊನ್ನಣ್ಣನವರು ಮೂಲೆಯ ಕುರ್ಚಿಯಲ್ಲಿ ಕೂತಿರಬಹುದು, ಮಾತಾಡುವಂತಿಲ್ಲ. ಇದು ಮಗಳು ಹಾಕಿದ ಷರತ್ತು.

ಇಂಟರ್‌ವ್ಯೂಗೆ ಒಂಬತ್ತು ದಿನ ಉಳಿದಿದ್ದ ಭಾನುವಾರ ಅದು. ಒಳಗೆ ಪೂವಮ್ಮ ಅಕ್ಕಿ ತರಿಯ ಉಂಡೆ, ಕಡಂಬುಟ್ಟು, ಬೇಯಿಸುತ್ತಿದ್ದರು. ನಮಗೆ ಹಂದಿ ಸಾರು, ಸೋಮಶೇಖರನಿಗೆ ಬೇರೆ ಪಾತ್ರೆಯಲ್ಲಿ ಬೇಳೆ ಸಾರು. ಸೋಮಶೇಖರ ಕನ್ನಡಕ ಸರಿಮಾಡಿಕೊಂಡು ಕೇಳಿದ: “ಮಾನೇಸರ್‌ನಲ್ಲಿ ನಿಮಿಷಕ್ಕೊಂದು ಕಾರು ಹೊರಗೆ ಬರುತ್ತೆ ಅಂತೀರಿ. ಒಂದು ಯುದ್ಧನೌಕೆ ಕಟ್ಟೋಕೆ ಎಷ್ಟು ಕಾಲ ಬೇಕು? ಯುದ್ಧವಿಮಾನಕ್ಕೆ?”

“ಸರ್, ಹಡಗಿಗೆ ಸುಮಾರು ಎರಡೂವರೆ ವರ್ಷ, ವಿಮಾನಕ್ಕೆ ಮೂರು ವರ್ಷ,” ಎಂದಳು ಜೀವಿತಾ. ಬೆನ್ನು ನೆಟ್ಟಗಿತ್ತು, ಕೈ ತೊಡೆಯ ಮೇಲಿತ್ತು. ನಾನು ಸಿಟ್ಟಿನ ಮುಖ ಮಾಡಿಕೊಂಡು ಹತ್ತಕ್ಕೆ ಒಂಬತ್ತು ಹಾಕಿದೆ.

ಮೂಲೆಯಿಂದ ಒಂದು ಸದ್ದು ಬಂತು, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ.

“ಪಪ್ಪಾ, ಪ್ಲೀಸ್,” ಎಂದಳು ಜೀವಿತಾ ತಿರುಗದೆ.

“ಮಾತಾಡಿಲ್ಲ ನಾನು,” ಎಂದರು ಪೊನ್ನಣ್ಣ. ಒಂದು ನಿಮಿಷ ತಡೆದುಕೊಂಡರು. ಆಮೇಲೆ ಅವರಿಂದ ಆಗಲಿಲ್ಲ. “ಮಾಸ್ಟ್ರೇ, ಎರಡೂವರೆ ವರ್ಷಕ್ಕೆ ನೀರಿಗೆ ಬಿಡ್ತಾರೆ ಅಷ್ಟೆ. ಅದ್ರಲ್ಲಿ ಹಡಗು ಎಲ್ಲಿದೆ?”

ಸೋಮಶೇಖರ ಅರ್ಥವಾಗದೆ ನೋಡಿದ.

“ತೆಂಗಿನಕಾಯಿ ಒಡೀತಾರೆ, ಬ್ಯಾಂಡ್ ಬಾರಿಸ್ತಾರೆ, ಫೋಟೋ ತೆಗೀತಾರೆ. ಒಳಗೆ ಏನೂ ಇರಲ್ಲ. ಬರೀ ತಗಡಿನ ಡಬ್ಬ. ಪೈಪ್ ಇಲ್ಲ, ವೈರ್ ಇಲ್ಲ, ಮಲಗೋಕೆ ಬಂಕ್ ಇಲ್ಲ. ನನ್ನನ್ನ ಮುಂಬೈಗೆ ಹಾಕಿದ್ರಲ್ಲ, ಹಡಗು ತಯಾರಾಗೋದನ್ನ ನೋಡ್ಕೊಳೋಕೆ. ನಾಲ್ಕು ವರ್ಷ ಅದರೊಳಗೇ ಇದ್ದೆ ನಾನು. ಇಂಜಿನ್ ಸ್ಟಾರ್ಟ್ ಆದ ದಿನ ಎಲ್ರೂ ಕುಣಿದ್ವಿ, ಮಾರನೇ ದಿನ ಮತ್ತೆ ಬಿಚ್ಚಿದ್ರು.” ಮಗಳ ಕಡೆ ಕೈ ತೋರಿಸಿದರು. “ಇವಳು ಹುಟ್ಟಿದ ತಿಂಗಳು ನೀರಿಗೆ ಬಿಟ್ಟಿದ್ದು. ಇವಳು ಸ್ಕೂಲಿಗೆ ಸೇರಿದ ಮೇಲೆ ಹಡಗು ಹೊರಟಿದ್ದು. ಕೇಳಿ ಬೇಕಾದ್ರೆ.”

ಒಳಗಿನಿಂದ ಪೂವಮ್ಮ, “ಹೌದು ಮಾಸ್ಟ್ರೇ. ಸ್ಕೂಲ್ ಫಾರಂಗೆ ಅಪ್ಪನ ಸೈನ್ ಬೇಕಿತ್ತು, ಪೋಸ್ಟಲ್ಲಿ ತರ್ಸಿದ್ವಿ,” ಎಂದರು.

ನಾನು ಸೋಮಶೇಖರನ ಮುಖ ನೋಡಿದೆ. ಅವನು ಮನಸ್ಸಿನಲ್ಲೇ ಲೆಡ್ಜರಿನ ಪುಟ ತಿರುವುತ್ತಿದ್ದ. ವಿಮಾನಕ್ಕೆ ಅವನು ಲೆಕ್ಕ ಹಿಡಿದದ್ದು ಪೈಲಟ್ ಒಳಗೆ ಕೂತು ವಾಯುಪಡೆ ಸಹಿ ಹಾಕಿ ಒಯ್ಯುವ ದಿನದವರೆಗೆ. ಹಡಗಿಗೆ ಹಿಡಿದದ್ದು ತೆಂಗಿನಕಾಯಿ ಒಡೆದ ದಿನದವರೆಗೆ. ಎರಡೂವರೆಗೆ ನಾಲ್ಕು ಸೇರಿಸಿದರೆ ಆರೂವರೆ. ಹನ್ನೊಂದು ಮುದ್ರಣ, ಸಾವಿರಾರು ಮಕ್ಕಳು, ಒಂದು ಇಡೀ ಬೀದಿಯ ನೋಟ್ಸು. ಅವನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

“ಜೀವಿತಾ,” ಎಂದ ಕೊನೆಗೆ, “ಮೇನ್ಸ್‌ನಲ್ಲಿ ಹಡಗಿನ ಪ್ರಶ್ನೆ ಒಂದಿತ್ತಲ್ಲ, ಹದಿನೈದು ಅಂಕದ್ದು. ಇದನ್ನ ಬರೆದ್ಯಾ?”

ಇಂಟರ್‌ವ್ಯೂಗೆ ಮುಂಚಿನ ಲಿಖಿತ ಪರೀಕ್ಷೆಯ ಮಾತು ಅದು, ಆಗಸ್ಟಿನಲ್ಲಿ ಮುಗಿದಿತ್ತು. ಲಿಖಿತದ ಅಂಕವನ್ನೂ ಇಂಟರ್‌ವ್ಯೂನ ಅಂಕವನ್ನೂ ಕೂಡಿಸಿಯೇ ಕೊನೆಯ ಪಟ್ಟಿ ಮಾಡುತ್ತಾರೆ.

“ಇಲ್ಲ ಸರ್,” ಎಂದಳು. “ಟೈಮ್ ಆಗ್ಲಿಲ್ಲ. ಆ ಕ್ವೆಶ್ಚನ್ ಬಿಟ್ಟೆ.”

ಪ್ರಶ್ನೆ ಬಿಟ್ಟದ್ದಕ್ಕೆ ಶಿಷ್ಯರನ್ನು ಬೆಂಡೆತ್ತುವ ಮನುಷ್ಯ ಅವತ್ತು, “ಒಳ್ಳೇದಾಯ್ತು,” ಅಂದ. ಊಟ ಮಾಡದೆ ಹೊರಟ. ಪೂವಮ್ಮ ಬೇಳೆ ಸಾರನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು, ಮೆಟ್ರೋದಲ್ಲಿ ಅದನ್ನು ಹಿಡಿದುಕೊಂಡು ಅವನ ಪಕ್ಕ ಕೂತು ರಾಜಿಂದರ್ ನಗರದ ತನಕ ಹೋದೆ.

ಮೂರು ದಿನ ಅವನು ರಜೆ ಹಾಕಿದ. ಸಂಸದೀಯ ಸಮಿತಿಯ ವರದಿ, ಲೆಕ್ಕಪರಿಶೋಧನೆಯ ವರದಿ, ಹಳೆಯ ಪ್ರಕಟಣೆಗಳು, ಸಿಕ್ಕಿದ್ದನ್ನೆಲ್ಲ ಓದಿದ. ಪೊನ್ನಣ್ಣನವರು ಹೇಳಿದ್ದು ಸರಿಯಾಗಿತ್ತು. ಅದಕ್ಕಿಂತ ಕಷ್ಟದ್ದೂ ಒಂದು ಸಿಕ್ಕಿತು: ವೆಚ್ಚದ ಸಾಲೂ ಸರಿಯಿರಲಿಲ್ಲ. ಹಡಗಿಗೆ ಅವನು ಬರೆದದ್ದು ಆದೇಶ ಕೊಟ್ಟ ದಿನದ ಬೆಲೆ, ವಿಮಾನಕ್ಕೆ ಬರೆದದ್ದು ಕೈಗೆ ಬಂದ ದಿನದ ಬೆಲೆ. ಆ ನಾಲ್ಕು ವರ್ಷದಲ್ಲಿ ಹಡಗಿನ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಏಳನೇ ಕೋಷ್ಟಕದಲ್ಲಿ ಸರಿಯಾಗಿದ್ದದ್ದು ಏಳು ಎಂಬ ಸಂಖ್ಯೆ ಮಾತ್ರ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ, ನನಗೆ ನಾಚಿಕೆಯಾಯಿತು.

ನಾಲ್ಕನೇ ದಿನ ಕ್ಲಾಸಿಗೆ ಹೋಗಿ ಎಲ್ಲರೆದುರು ತಪ್ಪು ಒಪ್ಪಿಕೊಂಡ. ಅಲ್ಲಿ ಏನಾಯಿತೆಂದರೆ, ಯಾರೂ ನಂಬಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, ಬೇರೆ ಆರು ಕೋಚಿಂಗ್‌ನವರ ನೋಟ್ಸಿನಲ್ಲೂ ಎರಡೂವರೆ ಎಂದೇ ಇದೆ, ನೀವೊಬ್ಬರೇ ಆರೂವರೆ ಅನ್ನುತ್ತಿದ್ದೀರಿ ಎಂದ. ಆ ಆರೂ ನನ್ನಿಂದ ಕದ್ದದ್ದು ಎಂದ ಸೋಮಶೇಖರ. ಅದಕ್ಕೆ ಸೋರ್ಸ್ ಏನು ಎಂದು ಹುಡುಗ ಕೇಳಿದ. ಸಂಜೆ ಸಂಸ್ಥೆಯ ಮಾಲೀಕ ಕಿಶನ್ ಜೀ ಕರೆಸಿ ಚಹಾ ಕೊಟ್ಟು, ಇಂಟರ್‌ವ್ಯೂ ಸೀಸನ್ ಮುಗಿಯುವ ತನಕ ಸತ್ಯವನ್ನು ಸ್ವಲ್ಪ ತಡೆಹಿಡಿಯಲು ಆಗುತ್ತದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಆಗುವುದಿಲ್ಲ ಎಂದ. ಮುಂದಿನ ಬ್ಯಾಚಿನಿಂದ ಅವನ ಕ್ಲಾಸು ವಾರಕ್ಕೆ ಐದರಿಂದ ಎರಡಕ್ಕೆ ಇಳಿಯಿತು.

ನಿಜವಾದ ತೊಂದರೆ ಜೀವಿತಾಳದು. ಅವಳು ಆ ವಾರ ಬೇರೆ ಎರಡು ಕಡೆ ಸುಳ್ಳು ಇಂಟರ್‌ವ್ಯೂ ಕೊಟ್ಟಿದ್ದಳು. ಎರಡೂ ಕಡೆ ಆರೂವರೆ ಎಂದಳು, ಎರಡೂ ಕಡೆ ತಪ್ಪು ಎಂದು ಅಂಕ ಕಳೆದರು. ಒಂದು ಕಡೆ ಕೋಟು ಹಾಕಿದ ಪರಿಣತರೊಬ್ಬರು ಹಾಳೆ ತೆಗೆದು ತೋರಿಸಿದರಂತೆ. ಅದು ಏಳನೇ ಕೋಷ್ಟಕವೇ, ಬೇರೆ ಬಣ್ಣದಲ್ಲಿ. ಶನಿವಾರ ನನ್ನ ಮನೆಗೆ ಬಂದು ಸೋಮಶೇಖರನ ಎದುರು ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು.

“ಸರ್, ಮಂಗಳವಾರ ಇಂಟರ್‌ವ್ಯೂ. ನಾನು ಏನ್ ಹೇಳ್ಲಿ? ಸಬ್ ಲೋಗ್ ಎರಡೂವರೆ ಅಂತಿದಾರೆ.”

“ಆರೂವರೆ ಹೇಳು. ನಿಮ್ಮ ತಂದೆ ಹೇಳಿದಾರಲ್ಲ.”

“ಪಪ್ಪಾ ಹೇಳಿದ್ರು ಅಂತ ಇಂಟರ್‌ವ್ಯೂನಲ್ಲಿ ಹೇಳೋಕಾಗಲ್ಲ ಸರ್. ಪಪ್ಪಾ ಸೋರ್ಸ್ ಅಲ್ಲ.”

ಇದನ್ನು ಅವಳು ಅಪ್ಪನ ಮೇಲೆ ತಾತ್ಸಾರದಿಂದ ಹೇಳಲಿಲ್ಲ. ಆ ಬೀದಿಯಲ್ಲಿ ನಾಲ್ಕು ವರ್ಷ ಓದಿದ ಯಾರೇ ಆದರೂ ಹಾಗೇ ಹೇಳುತ್ತಿದ್ದರು. ಅಚ್ಚಾದದ್ದು ಇರಬೇಕು, ಮೂರು ಕಡೆ ಇರಬೇಕು. ಕಣ್ಣಿನಿಂದ ಕಂಡವನು ಎದುರಿಗೆ ಕೂತು ಅನ್ನ ಕಲಸುತ್ತಿದ್ದರೂ ಅವನ ಮಾತು ಲೆಕ್ಕಕ್ಕಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಹುಡುಗಿಯ ಮೇಲಲ್ಲ. ಅವಳಿಗೆ ಹಾಗೆ ಯೋಚಿಸುವುದನ್ನು ಕಲಿಸಿದ್ದು ನಾವೇ.

“ವರದಿಗಳು ಇವೆಯಲ್ಲ, ಓದು,” ಎಂದು ಸೋಮಶೇಖರ ಕಟ್ಟು ಮುಂದಿಟ್ಟ. ಅವಳು ಓದಿದಳು. ಓದಿದರೂ ಮುಖದ ಮೇಲಿನ ಅನುಮಾನ ಹೋಗಲಿಲ್ಲ. ಹನ್ನೊಂದು ವರ್ಷ ಬೀದಿಯೆಲ್ಲ ಜಪಿಸಿದ್ದನ್ನು ಎರಡು ದಿನದಲ್ಲಿ ತೆಗೆದುಹಾಕುವುದು ಹೇಗೆ? ಆಗ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನೋಡಮ್ಮ, ಆ ಕೋಷ್ಟಕ ಬರೆದವನು ನಾನು. ಒಂದು ಫೋಟೋ ನೋಡಿ ಬರೆದೆ. ಹಡಗಿನ ಒಳಗೆ ಏನಿದೆ ಅಂತ ಯಾರನ್ನೂ ಕೇಳಲಿಲ್ಲ. ನಿಮ್ಮಪ್ಪ ಒಳಗಿದ್ದರು. ಇಷ್ಟೇ ವ್ಯತ್ಯಾಸ. ಎರಡರಲ್ಲಿ ಯಾವುದನ್ನ ನಂಬ್ತೀಯೋ ನೀನೇ ಯೋಚನೆ ಮಾಡು.”

ಜೀವಿತಾ ಎದ್ದು ಹೋದಳು. ಸೋಮಶೇಖರ ಅವತ್ತು ನನ್ನ ಮನೆಯಲ್ಲೇ ಉಳಿದ. ಟಿವಿಯ ಮುಂದೆ ಕೂತು, ಅದನ್ನು ಹಾಕಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ನಾವು ಮೂವರು ಗಂಡಸರು ಇಂಟರ್‌ವ್ಯೂ ನಡೆಯುವ ಕಚೇರಿಯ ಎದುರು, ಶಾಹಜಹಾನ್ ರಸ್ತೆಯ ಫುಟ್‌ಪಾತಿನಲ್ಲಿ ನಿಂತಿದ್ದೆವು. ಪೊನ್ನಣ್ಣನವರು ಬ್ಲೇಜರ್ ಹಾಕಿಕೊಂಡು ಬಂದಿದ್ದರು, ಇಂಟರ್‌ವ್ಯೂ ಅವರಿಗೇ ಇದ್ದಂತೆ. ಸೋಮಶೇಖರ ಗೇಟಿನ ಕಡೆ ನೋಡುತ್ತಲೇ ಇರಲಿಲ್ಲ. ಮೂರು ಸಲ ಅದೇ ಗೇಟಿನಿಂದ ಹೊರಬಂದವನು ಅವನು. ನಾಲ್ಕು ಸಲ ಚಹಾ ಕುಡಿದೆವು. ಹನ್ನೆರಡೂಕಾಲಿಗೆ ಜೀವಿತಾ ಬಂದಳು, ಸೀರೆಯ ನೆರಿಗೆ ಕೈಯಲ್ಲಿ ಹಿಡಿದುಕೊಂಡು.

“ಕೇಳಿದ್ರಾ?” ಎಂದ ಸೋಮಶೇಖರ. ಹೇಗಾಯಿತು ಎಂದೂ ಕೇಳಲಿಲ್ಲ.

“ಕೇಳಿದ್ರು ಸರ್. ಸೇಮ್ ಟು ಸೇಮ್. ಮಾನೇಸರ್, ಕಾರು, ಹಡಗು, ವಿಮಾನ.” ಅವಳಿಗೆ ಉಸಿರು ಹತ್ತಿತ್ತು. “ಆರೂವರೆ ಅಂದೆ. ಒಬ್ರು ಮೆಂಬರ್, ನೀವು ಓದೋ ನೋಟ್ಸಲ್ಲಿ ಇಷ್ಟು ಇರಲ್ವಲ್ಲ, ಸೋರ್ಸ್ ಏನು ಅಂದ್ರು. ಮೈ ಫಾದರ್, ಸರ್ ಅಂದೆ.”

ಪೊನ್ನಣ್ಣ ಕೈಯಲ್ಲಿದ್ದ ಚಹಾದ ಲೋಟವನ್ನೇ ನೋಡುತ್ತಿದ್ದರು.

“ಎಲ್ರೂ ನಕ್ರು. ಆಮೇಲೆ ಚೇರ್‌ಮನ್ ಕೇಳಿದ್ರು, ನಿಮ್ಮ ತಂದೆ ಹೇಳಿದ್ದು ಸರಿ ಅಂತ ನಿಮಗೆ ಹೇಗೆ ಗೊತ್ತು ಅಂತ. ನಾನು ಹೇಳ್ದೆ, ನಾನು ಹುಟ್ಟಿದಾಗ ಹಡಗು ನೀರಿಗೆ ಹೋಯ್ತು ಸರ್. ನಾನೂ ಮಮ್ಮೀನೂ ಊರಲ್ಲಿದ್ವಿ. ಪಪ್ಪಾ ಯಾಕೆ ಬರಲ್ಲ ಅಂದ್ರೆ ಹಡಗು ರೆಡಿ ಆಗ್ಲಿ ಅಂತ ಮಮ್ಮಿ ಹೇಳ್ತಿದ್ರು. ಪಪ್ಪಾ ಬಂದಾಗ ನಂಗೆ ನಾಲ್ಕು ವರ್ಷ. ನಾನು ಅವರನ್ನ ಅಂಕಲ್ ಅಂದೆ. ಇದು ನಂಗೆ ನೆನಪಿದೆ ಸರ್, ಅಂದೆ. ಆಮೇಲೆ ಯಾರೂ ನಗಲಿಲ್ಲ.”

ಪೊನ್ನಣ್ಣನವರು ಚಹಾದವನ ಕಡೆ ತಿರುಗಿ, “ಭಯ್ಯಾ, ಏಕ್ ಔರ್,” ಎಂದರು. ಕೈಯಲ್ಲಿದ್ದ ಲೋಟ ಇನ್ನೂ ತುಂಬಿತ್ತು.

ಏಪ್ರಿಲಿನಲ್ಲಿ ಪಟ್ಟಿ ಬಂತು. ಸೋಮಶೇಖರ ನನ್ನ ಕಂಪ್ಯೂಟರಿನಲ್ಲಿ ಅವಳ ನಂಬರು ಹಾಕಿ ಹುಡುಕಿದ. ಸಿಗಲಿಲ್ಲ. ಮತ್ತೆ ಹಾಕಿದ. ಹೆಸರು ಹಾಕಿದ. ಆಮೇಲೆ ಮೊದಲ ಪುಟದಿಂದ ಒಂದೊಂದೇ ಹೆಸರು ಬೆರಳಿಟ್ಟು ಓದಿಕೊಂಡು ಹೋದ. ನಾನು ತಡೆಯಲಿಲ್ಲ. ಎರಡು ವಾರದ ಮೇಲೆ ಅಂಕಗಳು ಬಂದವು. ಇಂಟರ್‌ವ್ಯೂನಲ್ಲಿ ಇನ್ನೂರ ಎಪ್ಪತ್ತೈದಕ್ಕೆ ಇನ್ನೂರ ನಾಲ್ಕು. ಅವನ ಶಿಷ್ಯರಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ. ಆದರೆ ಪಟ್ಟಿ ಸೇರಲು ಬೇಕಾದ ಒಟ್ಟು ಅಂಕಕ್ಕೆ ಮೂರು ಕಡಿಮೆಯಾಗಿತ್ತು.

“ಇಂಟರ್‌ವ್ಯೂ ಗೆದ್ದಳು ಕಣೋ,” ಎಂದ ಸೋಮಶೇಖರ. “ಲಿಖಿತದಲ್ಲೇ ಎಲ್ಲೋ ಹೋಯ್ತು. ಆ ಪ್ರಶ್ನೆ ಬಿಡಬಾರದಿತ್ತು ಅವಳು.” ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರನೆಯ ಭಾನುವಾರ ನಾನೊಬ್ಬನೇ ಪೊನ್ನಣ್ಣನವರ ಮನೆಗೆ ಹೋದೆ. ಗಂಡ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದರು. ಜೀವಿತಾ ನೆಲದ ಮೇಲೆ ಕೂತು ನಾಲ್ಕು ವರ್ಷದ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದಳು. ಮಾನೇಸರ್‌ನ ಹಳೆಯ ಕಾರ್ಖಾನೆಯವರು ವಾಪಸು ಕರೆದಿದ್ದಾರೆ, ಸೋಮವಾರ ಸೇರಬೇಕು ಎಂದಳು. ಅಳುತ್ತಿರಲಿಲ್ಲ. ಆಗಸ್ಟಿನ ಪ್ರಶ್ನೆಪತ್ರಿಕೆಗಳು ಒಂದು ಕಡೆ ಬಿದ್ದಿದ್ದವು. ನಾನು ಸುಮ್ಮನೆ ಒಂದನ್ನು ಎತ್ತಿಕೊಂಡೆ. ಹಡಗಿನ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಪುಟ್ಟದಾಗಿ ಎರಡು ಕಾಲಂ ಗೀಚಿದ್ದಳು, ಉತ್ತರ ಬರೆಯುವ ಮೊದಲು ಮಾಡಿಕೊಳ್ಳುವ ಗುರುತು. ಎಡಕ್ಕೆ ಎರಡೂವರೆ. ಬಲಕ್ಕೆ ಮೂರು.

ನಾನು ತಲೆಯೆತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

“ಬಿಟ್ಟೆ ಅಂದಿದ್ಯಲ್ಲ ನೀನು,” ಎಂದೆ.

“ಪೂರಾ ಬರೆದಿದ್ದೆ ಅಂಕಲ್. ಟೇಬಲ್ ಹಾಕಿ, ಕೆಳಗೆ ಅಂಡರ್‌ಲೈನ್ ಮಾಡಿ.” ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಅವತ್ತು ಸರ್ ಮುಖ ನೋಡಿದ್ರಲ್ಲ? ಹೇಗೆ ಹೇಳ್ಲಿ?”

“ಮೂರು ಅಂಕ ಅಲ್ಲೇ ಹೋಯ್ತಾ?”

“ಗೊತ್ತಿಲ್ಲ. ಬೇರೆ ಎಲ್ಲಾದ್ರೂ ಹೋಗಿರಬಹುದು. ಆನ್ಸರ್ ಶೀಟ್ ತೋರಿಸಲ್ಲ ಅವರು. ಇನ್ನು ಯಾವತ್ತೂ ಗೊತ್ತಾಗಲ್ಲ.” ಪ್ರಶ್ನೆಪತ್ರಿಕೆಯನ್ನು ನಾಲ್ಕಾಗಿ ಹರಿದು ಕಸದ ಚೀಲಕ್ಕೆ ಹಾಕಿದಳು. “ಸರ್‌ಗೆ ಹೇಳ್ಬೇಡಿ. ಮೂರು ಸಲ ಅಲ್ಲೀವರೆಗೆ ಹೋಗಿ ಬಂದೋರು ಅವರು. ಈ ನೋಟ್ಸ್ ಬಿಟ್ರೆ ಅವರ ಹತ್ರ ಏನಿದೆ ಅಂಕಲ್?”

ಪೆಟ್ಟಿಗೆ ಕಟ್ಟಲು ದಾರ ಹಿಡಿದುಕೊಟ್ಟೆ. ಆ ಹುಡುಗಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ. ಅವತ್ತು ಅದರ ಜೊತೆ ಗೌರವವೂ ಹುಟ್ಟಿತು.

ಹನ್ನೆರಡನೇ ಮುದ್ರಣ ಜೂನಿನಲ್ಲಿ ಬಂತು. ಏಳನೇ ಕೋಷ್ಟಕದಲ್ಲಿ ಈಗ ಹಡಗಿಗೆ ಆರೂವರೆ ವರ್ಷ ಎಂದಿದೆ, ನೀರಿಗಿಳಿಸುವ ದಿನಕ್ಕೂ ಸೇವೆಗೆ ಸೇರುವ ದಿನಕ್ಕೂ ಬೇರೆ ಬೇರೆ ಸಾಲು ಇದೆ. ಮಾರಾಟ ಅಷ್ಟಕ್ಕಷ್ಟೆ. ಉಳಿದವರೆಲ್ಲ ಎರಡೂವರೆಯಲ್ಲೇ ಇದ್ದಾರೆ. ಸೋಮಶೇಖರ ಹಳೆಯ ಶಿಷ್ಯರಿಗೆಲ್ಲ ಮೆಸೇಜು ಕಳಿಸಿ, ತನ್ನ ತಪ್ಪಿನಿಂದ ಯಾರಿಗಾದರೂ ನಷ್ಟವಾಗಿದ್ದರೆ ತಿಳಿಸಿ ಎಂದು ಕೇಳಿಕೊಂಡಿದ್ದ. ಪಾಸಾದವರು ನೆನಪಿಲ್ಲ ಸರ್ ಎಂದರು. ಪಾಸಾಗದವರು ಉತ್ತರ ಕೊಡಲಿಲ್ಲ. ಅವನು ಇದನ್ನು ನಷ್ಟವಿಲ್ಲವೆಂದು ಓದಿಕೊಂಡ.

ಮೊನ್ನೆ ಹೊಸ ಬ್ಯಾಚು ಶುರುವಾಯಿತು. ಇಪ್ಪತ್ತೇಳು ಮಕ್ಕಳು. ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಏಳನೇ ಕೋಷ್ಟಕಕ್ಕೆ ಬಂದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಹನ್ನೊಂದು ವರ್ಷ ತಪ್ಪು ಹೇಳಿದೆ, ಹಡಗಿನೊಳಗಿದ್ದ ಒಬ್ಬರು ತಿದ್ದಿದರು ಎಂದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡು, “ಪುಣ್ಯಕ್ಕೆ ಯಾರಿಗೂ ತೊಂದರೆಯಾಗೋ ಮೊದಲೇ ಗೊತ್ತಾಯ್ತು,” ಎಂದು ಇಂಗ್ಲಿಷಿನಲ್ಲಿ ಮಕ್ಕಳಿಗೆ ಹೇಳಿ, ಅದನ್ನೇ ಕನ್ನಡದಲ್ಲಿ ನನ್ನ ಕಡೆ ನೋಡುತ್ತ ಹೇಳಿದ. “ಅಲ್ವೇನೋ ಸುರೇಶ?”

ಇಷ್ಟು ವರ್ಷದ ಸ್ನೇಹದಲ್ಲಿ ಅವನ ಒಂದು ಮಾತನ್ನೂ ನಾನು ಜಗಳವಾಡದೆ ಒಪ್ಪಿಕೊಂಡವನಲ್ಲ. ಹೌದು ಎಂದು ತಲೆಯಾಡಿಸಿದೆ.